ಬಿಳುಪಿನ ಮೋಹ

(ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಾವು ಇಂದು ಎತ್ತಿಕೊಂಡಿರುವ ವಿಷಯವು ಅಡಿಗೆಯ ಮನೆಯದು. ವಿದ್ಯಾವಂತರ ಸಭೆಯಲ್ಲಿ ಅಕ್ಕಿ, ಬೆಲ್ಲ, ಎಣ್ಣೆಗಳ ಮಾತೇಕೆಂದು ಯಾರಾದರೂ ಹುಬ್ಬೇರಿಸಿದರೆ ಅವರಿಗೆ ಕನಕದಾಸರನ್ನು ತೋರಿಸುವೆವು. ಅವರ ರಾಮಧಾನ್ಯಚರಿತೆಯಲ್ಲಿ ರಾಗಿಯೂ ಬತ್ತವೂ ತಮ್ಮಲ್ಲಿ ಮೇಲಾರು ಕೀಳಾರು ಎಂದು ಜಗಳಕ್ಕೆ ನಿಲ್ಲುವವು. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುವನು. ಅವಧಿ ತೀರಿ ಹೊರಗೆ ತೆಗೆದಾಗ ಬತ್ತವು ಕಳೆಗುಂದಿದೆ, ರಾಗಿಯು ಇದ್ದಂತೆಯೇ ಇದೆ. ಕವಿಯ ಗುರಿಯು ಧಾನ್ಯಕ್ಕಿಂತ ಮನುಷ್ಯರ ಕುಲಗರ್ವದ ಮೇಲೆ ಇದ್ದುದು ನಿಜ. ಆದರೆ ರಾಗಿಯು ಕಣಜದಲ್ಲಿ ವರ್ಷಗಟ್ಟಲೆ ಕೆಡದೆ ಇರುವದೆಂಬ ಒಕ್ಕಲಿಗನ ಅನುಭವವೂ ಆ ಕಥೆಯ ಒಳಗಿದೆ.

ಆ ಜಗಳವು ಇನ್ನೂ ತೀರಿಲ್ಲ. ಮೂಡಲಲ್ಲಿ ರಾಗಿ, ಬಡಗಲಲ್ಲಿ ಜೋಳ, ಪಡುವಲ ಕಡಲಂಚಿನಲ್ಲಿ ಕುಚ್ಚಲಕ್ಕಿ, ಹೀಗೆ ನಮ್ಮ ನಾಡಿನ ತಟ್ಟೆಗಳು ಬೇರೆ ಬೇರೆಯಾಗಿದ್ದವು. ಈ ಮೂರೂ ತಟ್ಟೆಗಳಲ್ಲಿ ಇಂದು ಒಂದೇ ಬಗೆಯ ಬಿಳಿಯ ಅನ್ನವು ಬಂದು ಕುಳಿತಿರುವದು. 1956ರಲ್ಲಿ ಒಂದಾದ ನಾಡು ಇನ್ನೂ ಎಷ್ಟೋ ವಿಷಯಗಳಲ್ಲಿ ಒಮ್ಮತಕ್ಕೆ ಬರಬೇಕಾಗಿರುವಾಗ, ಬಿಳುಪೆಂದರೆ ದೊಡ್ಡಸ್ತಿಕೆ ಎಂಬ ಈ ಒಂದು ವಿಷಯದಲ್ಲಿ ಮಾತ್ರ ಪೂರ್ಣ ಒಮ್ಮತವನ್ನು ಸಾಧಿಸಿರುವದು ವಿನೋದವೇ ಸರಿ. ಬಿಳಿಯ ಅಕ್ಕಿ, ಬಿಳಿಯ ಸಕ್ಕರೆ, ಬಿಳಿಯ ಮೈದಾ, ಬಿಳಿಯ ವನಸ್ಪತಿ! ಬೆಳ್ಳಗಿದ್ದುದೆಲ್ಲ ಹಾಲಲ್ಲವೆಂದು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವೆವು. ಮನೆಗೆ ಬಂದು ಅಂಗಡಿಯವನಿಗೆ, ‘ಇನ್ನೂ ಬೆಳ್ಳಗಿರುವದನ್ನು ಕೊಡು’ ಎನ್ನುವೆವು.

ಮೊದಲು ಅಕ್ಕಿಯನ್ನೇ ನೋಡೋಣ. ಬತ್ತದ ಹೊಟ್ಟನ್ನು ಮಾತ್ರ ತೆಗೆದರೆ ಕಾಳಿನ ಮೇಲೆ ಕಂದು ಬಣ್ಣದ ತೆಳು ಪದರವೊಂದು ಉಳಿಯುವದು. ಗಿರಣಿಯು ಅದನ್ನೂ ಕಾಳಿನ ಮೊಳಕೆಯನ್ನೂ ಕೆರೆದು ತೌಡು ಮಾಡುವದು. ತೌಡನ್ನು ಎಮ್ಮೆಗೆ ಇಟ್ಟು ಉಳಿದ ಬಿಳಿಯ ಭಾಗವನ್ನು ನಾವು ಉಣ್ಣುವೆವು. ಹೀಗೆ ಉಂಡುದರ ಪರಿಣಾಮವು ಲೋಕಕ್ಕೆ ತಿಳಿದುಬಂದುದು ಕೋಳಿಗಳಿಂದ. ಜಾವಾ ದ್ವೀಪದ ಬಟೇವಿಯಾ ಪಟ್ಟಣದಲ್ಲಿ, ಅಂದರೆ ಈಗಿನ ಜಕಾರ್ತದಲ್ಲಿ, 1890ರ ಸುಮಾರಿಗೆ ಐಕ್ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ಎಂಬ ರೋಗದ ಕಾರಣವನ್ನು ಹುಡುಕುತ್ತಿದ್ದರು. ಕಾಲು ಸೋತು, ನರಗಳು ಕುಂದಿ, ಎದೆ ದುರ್ಬಲವಾಗಿ ಜನರು ಸಾಯುವ ರೋಗವದು. ಅವರ ಕೋಳಿಗಳಿಗೂ ಅಂಥದೇ ರೋಗವು ತಗುಲಿತು; ಕೆಲವು ತಿಂಗಳಲ್ಲಿ ತಾನಾಗಿಯೇ ಬಿಟ್ಟೂ ಹೋಯಿತು. ವಿಚಾರಿಸಿದಾಗ ತಿಳಿದುದೇನು? ಸೈನ್ಯದ ಆಸ್ಪತ್ರೆಯಲ್ಲಿ ಉಳಿದ ಬಿಳಿಯ ಅನ್ನವನ್ನು ಕೋಳಿಗಳಿಗೆ ಹಾಕುತ್ತಿದ್ದರು. ಹೊಸದಾಗಿ ಬಂದ ಅಡಿಗೆಯವನು ಸೈನಿಕರ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡುವದಿಲ್ಲವೆಂದು ಹಟ ಹಿಡಿದನು. ಅಂದಿನಿಂದ ಕೋಳಿಗಳಿಗೆ ತೌಡು ತೆಗೆಯದ ಅಕ್ಕಿಯು ಸಿಕ್ಕಿತು, ಅವು ಎದ್ದು ನಿಂತವು. ಐಕ್ಮನ್ನರು ಬಿಳಿಯ ಅಕ್ಕಿಯಲ್ಲಿ ವಿಷವಿರಬೇಕೆಂದು ಮೊದಲು ಎಣಿಸಿದರು. ವಿಷವಿದ್ದುದಲ್ಲ, ತೌಡಿನೊಡನೆ ಹೊರಟುಹೋದ ಒಂದು ಸತ್ತ್ವದ ಕೊರತೆ ಎಂಬುದನ್ನು ಅವರ ತರುವಾಯ ಅದೇ ಕೆಲಸವನ್ನು ಕೈಕೊಂಡ ಗ್ರಿನ್ಸ್ ಎಂಬವರು 1901ರಲ್ಲಿ ಹೇಳಿದರು. ಅದೇ ಇಂದು ಥಯಾಮಿನ್ ಅಥವಾ ಬಿ-1 ಜೀವಸತ್ತ್ವವೆನಿಸಿರುವದು. 1929ರಲ್ಲಿ ಐಕ್ಮನ್ನರಿಗೆ ನೊಬೆಲ್ ಪಾರಿತೋಷಕವು ಬಂದಿತು. ಆ ಅಡಿಗೆಯವನಿಗೆ ಏನು ಬಂದಿತೋ!

ನಮ್ಮ ಕರಾವಳಿಯ ಹಿರಿಯರು ಜೀವಸತ್ತ್ವದ ಹೆಸರನ್ನು ಕೇಳಿದವರಲ್ಲ. ಆದರೂ ಬತ್ತವನ್ನು ಬೇಯಿಸಿ, ಒಣಗಿಸಿ, ಆ ಮೇಲೆ ಕುಟ್ಟಿ ಕುಚ್ಚಲಕ್ಕಿಯನ್ನು ಮಾಡಿಕೊಂಡರು. ಹೀಗೆ ಬೇಯುವಾಗ ತೌಡಿನಲ್ಲಿಯ ಥಯಾಮಿನ್ನು ನೀರಿನೊಡನೆ ಕಾಳಿನ ಒಳಕ್ಕೆ ಇಳಿಯುವದು. ಮುಂದೆ ಮೇಲ್ಪದರವನ್ನು ಕೆರೆದರೂ ಅದರಲ್ಲಿ ಬಹುಪಾಲು ಉಳಿಯುವದು. ಹಳೆಯ ಮದ್ರಾಸು ಪ್ರಾಂತದ ಉತ್ತರ ತುದಿಯಲ್ಲಿದ್ದ ತೆಲುಗು ಕರಾವಳಿಯಲ್ಲಿ ಗಿರಣಿಯ ಬೆಳ್ತಿಗೆ ಅಕ್ಕಿಯನ್ನು ಉಣ್ಣುವವರನ್ನು ಬೆರಿಬೆರಿಯು ಬಹುಕಾಲ ಕಾಡಿತು; ಕುಚ್ಚಲಕ್ಕಿಯ ಸೀಮೆಗಳಲ್ಲಿ ಅದು ಅಪರೂಪವಾಗಿತ್ತು. ಇಂದು ಬೇಳೆ, ಕಾಯಿಪಲ್ಯೆ, ಹಾಲು ಕೂಡಿದ ಊಟದಲ್ಲಿ ಆ ರೋಗದ ಭಯವು ಹೆಚ್ಚಿಲ್ಲ. ಆದರೆ ಬರಿಯ ಅನ್ನ-ಸಾರಿನ ಮೇಲೆಯೇ ದಿನ ಕಳೆಯುವ ಮನೆಗಳೂ ನಮ್ಮ ಊರಲ್ಲಿ ಉಂಟು. ಅಲ್ಲಿ ಅಕ್ಕಿಯನ್ನು ಏಳು ನೀರು ತೊಳೆದು, ಗಂಜಿಯನ್ನು ಬಸಿದು ಚೆಲ್ಲುವದೆಂದರೆ ಉಳಿದ ಅಷ್ಟಿಷ್ಟು ಸತ್ತ್ವವನ್ನೂ ಬಚ್ಚಲಿಗೆ ಬಿಟ್ಟಂತೆ.

ಹಾಗಾದರೆ ಒನಕೆಯನ್ನು ಮತ್ತೆ ಕೈಗೆ ತೆಗೆದುಕೊಳ್ಳಬೇಕೋ? ಈ ಸಲಹೆಯನ್ನು ಕೊಡುವವರು ಸಾಮಾನ್ಯವಾಗಿ ಒನಕೆಯನ್ನು ಎಂದೂ ಹಿಡಿಯದ ಗಂಡಸರು. 1934ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಸ್ಥಾಪಿಸಿದ, ಜೆ. ಸಿ. ಕುಮಾರಪ್ಪನವರು ನಡೆಯಿಸಿದ ಗ್ರಾಮೋದ್ಯೋಗ ಸಂಘವು ಕೈಕುಟ್ಟಿನ ಅಕ್ಕಿಯನ್ನು ಎತ್ತಿ ಹಿಡಿಯಿತು. ಹಳ್ಳಿಗೆ ಕೂಲಿಯೂ ದೇಹಕ್ಕೆ ಸತ್ತ್ವವೂ ಉಳಿಯಲೆಂಬ ಆ ವಿಚಾರವು ಗೌರವಕ್ಕೆ ತಕ್ಕದ್ದೇ. ಆದರೆ ನಸುಕಿನಲ್ಲಿ ಎದ್ದು ಕುಟ್ಟಿ ಬೀಸಿ ತೋಳು ಸೋತ ನಮ್ಮ ತಾಯಂದಿರಿಗೆ ಗಿರಣಿಯು ಬಿಡುಗಡೆಯಾಗಿ ಬಂದಿತೆಂಬುದನ್ನು ಮರೆಯುವದು ಕೃತಘ್ನತೆ. ತಪ್ಪು ಯಂತ್ರದ್ದಲ್ಲ, ಅದಕ್ಕೆ ನಾವು ಹೇಳಿದ ಕೆಲಸದ್ದು. ರಬ್ಬರಿನ ಉರುಳೆಗಳುಳ್ಳ ಗಿರಣಿಯು ಹೊಟ್ಟನ್ನು ಮಾತ್ರ ಬಿಡಿಸಿ ತೌಡನ್ನು ಕಾಳಿನ ಮೇಲೆಯೇ ಉಳಿಸಬಲ್ಲದು. ಮುಂದಿನ ಪಾಲಿಷಿನ ಯಂತ್ರಕ್ಕೆ ಹಾಕಬೇಡವೆಂದರೆ ಅಷ್ಟೇ ಸಾಕು. ಒಂದು ಎಚ್ಚರಿಕೆ ಮಾತ್ರ ಬೇಕು: ತೌಡಿನಲ್ಲಿ ಎಣ್ಣೆಯಿರುವದರಿಂದ ಅಂಥ ಅಕ್ಕಿಯು ಬೇಗನೆ ಕಮಟು ಹಿಡಿಯುವದು. ವರ್ಷದ ಅಕ್ಕಿಯನ್ನು ಒಮ್ಮೆಲೇ ಮಾಡಿಸದೆ ತಿಂಗಳಿಗೆ ಬೇಕಾದಷ್ಟನ್ನೇ ಮಾಡಿಸಬೇಕು.

ರಾಗಿಯ ವಿಷಯವಾಗಿ ಹೆಚ್ಚು ಹೇಳಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿರುವದು. ಅಷ್ಟೇ ಬಿಳಿಯ ಅಕ್ಕಿಯಲ್ಲಿ ಹತ್ತರ ಆಸುಪಾಸು. ಬೆಳೆಯುವ ಮಕ್ಕಳಿಗೆ ಇದಕ್ಕಿಂತ ಬೇರೆ ಶಿಫಾರಸು ಏಕೆ? ಆದರೂ ಬುತ್ತಿಯಲ್ಲಿ ರಾಗಿಯ ರೊಟ್ಟಿಯನ್ನು ತಂದ ಹುಡುಗನು ಅದನ್ನು ಮರೆಯಲ್ಲಿಟ್ಟುಕೊಂಡು ತಿನ್ನುವದನ್ನು ನಾವು ಕಂಡಿದ್ದೇವೆ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪಟ್ಟಣದ ಶ್ರೀಮಂತರು ನವಣೆ ಸಾಮೆಗಳನ್ನು ಅಕ್ಕಿಗಿಂತ ಹೆಚ್ಚು ಬೆಲೆಗೆ ಕೊಂಡು ಮೆರೆದರು. ಅವನ್ನು ಬೆಳೆದವರ ಮಗನು ಮಾತ್ರ ಇನ್ನೂ ನಾಚುವನು. ಈ ನಾಚಿಕೆಯನ್ನು ಕಳೆಯುವ ಔಷಧವು ಯಾವ ಅಂಗಡಿಯಲ್ಲಿಯೂ ಇಲ್ಲ. ಮಾಸ್ತರರು ಅದೇ ಮಕ್ಕಳ ಸಾಲಿನಲ್ಲಿ ಕುಳಿತು ರೊಟ್ಟಿಯನ್ನು ಮುರಿದರೆ ಅರ್ಧ ಕೆಲಸವಾದೀತು.

ಇನ್ನು ಬಿಳಿಯ ಜಿಡ್ಡು. ಎಣ್ಣೆಗೆ ಜಲಜನಕ ವಾಯುವನ್ನು ಸೇರಿಸಿ ಅದನ್ನು ತುಪ್ಪದಂತೆ ಗಟ್ಟಿ ಮಾಡುವ ಉಪಾಯವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯಿಂದ ಬಂದಿತು. 1937ರಲ್ಲಿ ಡಾಲ್ಡಾ ನಮ್ಮ ಪೇಟೆಗೆ ಬಂದು, ತುಪ್ಪವನ್ನು ಕೊಳ್ಳಲಾರದವರ ತುಪ್ಪವಾಯಿತು. ಹೀಗೆ ಅರೆಬರೆ ಗಟ್ಟಿಯಾದ ಜಿಡ್ಡಿನಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸಿ ಎದೆಯ ರೋಗವನ್ನು ಕರೆಯುವದೆಂದು ತಿಳಿಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಭಾರತದಲ್ಲಿ ಎಣ್ಣೆ ಜಿಡ್ಡುಗಳಲ್ಲಿ ಅದು ನೂರಕ್ಕೆ ಎರಡಕ್ಕಿಂತ ಹೆಚ್ಚಿರಕೂಡದೆಂಬ ನಿಯಮವು ಜಾರಿಗೆ ಬಂದುದು 2022ರಲ್ಲಿ. ವನಸ್ಪತಿಗೆ ಬದಲು ನೆಲಗಡಲೆ, ಎಳ್ಳು, ಕುಸುಬೆಗಳ ಎಣ್ಣೆಯಿದೆ. ಗಾಣದ ಎಣ್ಣೆಯಾದರೆ ಗಾಣಿಗನೂ ಬದುಕುವನು, ಹಿಂಡಿಯೂ ಊರ ದನಗಳಿಗೆ ಉಳಿಯುವದು. ಆದರೆ ಬೂಷ್ಟು ಹಿಡಿದ ಕಡಲೆಯನ್ನು ಗಾಣಕ್ಕೆ ಹಾಕಿದರೆ ಬೂಷ್ಟಿನ ವಿಷವೂ ಎಣ್ಣೆಗೆ ಬರುವದು. ಶುದ್ಧೀಕರಿಸದ ಎಣ್ಣೆಯಲ್ಲಿ ಅದು ಹಾಗೆಯೇ ಉಳಿಯುವದು. ಆದುದರಿಂದ ಗಾಣದ ಎಣ್ಣೆಯನ್ನು ಕೊಳ್ಳುವವರು ಗಾಣವನ್ನಷ್ಟೇ ಅಲ್ಲ, ಕಡಲೆಯನ್ನೂ ನೋಡಬೇಕು.

ಬೆಲ್ಲದ ಕಥೆಯು ನಗೆಯನ್ನೂ ನೋವನ್ನೂ ಕೂಡಿಯೇ ತರುವಂಥದು. ಸಕ್ಕರೆಗೆ ಬದಲು ಬೆಲ್ಲವೆಂದು ಜನರು ತಿರುಗಿದರು. ತಿರುಗಿದವರು ಬೆಲ್ಲದಲ್ಲಿಯೂ ಬಿಳುಪನ್ನೇ ಹುಡುಕಿದರು! ಹೊಂಬಣ್ಣದ ಅಚ್ಚಿಗೆ ಹೆಚ್ಚು ಬೆಲೆ ಬರುವದೆಂದು ಆಲೆಮನೆಯವರು ಕುದಿಯುವ ಕೊಪ್ಪರಿಗೆಗೆ ಹೈಡ್ರೋಸ್ ಎಂಬ ರಾಸಾಯನಿಕವನ್ನು ಹಾಕತೊಡಗಿದರು. ಕಪ್ಪು ಬೆಲ್ಲವನ್ನು ಮಾಡಿದ ರೈತನು ಸಂತೆಯಲ್ಲಿ ಸೋಲುವನು. ಅವನನ್ನು ದೂರುವದಕ್ಕೆ ಮೊದಲು ಕೊಳ್ಳುವ ನಮ್ಮ ಕಣ್ಣನ್ನು ದೂರಬೇಕು. ಇನ್ನೊಂದು ಮಾತು: ಬೆಲ್ಲದಲ್ಲಿ ಕಬ್ಬಿಣದ ಅಂಶ ಸ್ವಲ್ಪವಿದ್ದರೂ ಅದು ಬಹುಪಾಲು ಸಕ್ಕರೆಯೇ. ಮಧುಮೇಹಿಗಳು ಬೆಲ್ಲದ ಕಾಫಿಯನ್ನು ನಿರ್ಭಯವಾಗಿ ಕುಡಿಯಬಹುದೆಂದು ಹೇಳುವವರ ಮಾತನ್ನು ನಂಬಬಾರದು.

ಹಳೆಯದೆಲ್ಲ ಹಿತವೆಂದಾಗಲಿ, ಪ್ರಕೃತಿಯಿಂದ ಬಂದುದೆಲ್ಲ ನಿರ್ದೋಷವೆಂದಾಗಲಿ ನಾವು ಹೇಳುತ್ತಿಲ್ಲ. ಹಲ್ಲಿಗೆ ತಿಕ್ಕುವ ತಂಬಾಕಿನ ಮಿಶ್ರಿಯೂ ಪ್ರಕೃತಿಯದೇ, ಅದು ಬಾಯಿಗೆ ಹುಣ್ಣನ್ನು ತರುವದು. ಇಟ್ಟಿಗೆಯ ಪುಡಿಯು ಹಲ್ಲಿನ ಮೇಲ್ಪದರವನ್ನೇ ಸವೆಯಿಸುವದು. ಉಪ್ಪಿನಲ್ಲಂತೂ ನಮ್ಮ ವಾದವು ಪೂರ್ತಿ ತಿರುಗಿ ನಿಲ್ಲುವದು. 1956ರಲ್ಲಿ ಡಾಕ್ಟರ್ ವಿ. ರಾಮಲಿಂಗಸ್ವಾಮಿಯವರು ಹಿಮಾಲಯದ ಅಡಿಯ ಕಾಂಗ್ಡಾ ಕಣಿವೆಯಲ್ಲಿ ಆರಂಭಿಸಿದ ಪ್ರಯೋಗವು, ಅಯೋಡಿನ್ ಸೇರಿದ ಉಪ್ಪಿನಿಂದ ಗಳಗಂಡವು ಇಳಿಯುವದೆಂಬುದನ್ನು ತೋರಿಸಿತು. ಬಸುರಿಯರಿಗೆ ಅಯೋಡಿನ್ ಸಾಲದಿದ್ದರೆ ಹುಟ್ಟುವ ಕೂಸಿನ ಬುದ್ಧಿಯೇ ಕುಂಠಿತವಾಗುವದು. ಇಂದು ನೈಸರ್ಗಿಕವೆಂದು ಗುಲಾಬಿ ಬಣ್ಣದ ಕಲ್ಲುಪ್ಪನ್ನು ಹೆಚ್ಚು ಹಣ ತೆತ್ತು ಕೊಳ್ಳುವವರು ಆ ಸಾಮಾನ್ಯ ಬಿಳಿಯ ಪೊಟ್ಟಣವನ್ನು ಬಿಡುವದು ಸಲ್ಲದು. ಅಲ್ಲಿ ಬಿಳುಪೇ ಗೆಲ್ಲಲಿ.

ಇಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರು ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವವರೆಂಬುದು ನಮಗೆ ಗೊತ್ತು. ಅಂದವಾದ ಚೀಲದಲ್ಲಿ ತುಂಬಿದ ತೌಡಿನ ಅಕ್ಕಿಗೆ ಪಟ್ಟಣದ ಅಂಗಡಿಯಲ್ಲಿ ಇಮ್ಮಡಿ ಬೆಲೆಯನ್ನು ಕೇಳುವರು. ಒಂದು ಕೆಲಸವನ್ನು ಕಡಿಮೆ ಮಾಡಿದುದಕ್ಕೆ ಹೆಚ್ಚು ಹಣವೇಕೆಂದು ಕೇಳಿದರೆ ಉತ್ತರವಿಲ್ಲ. ನಾಲ್ಕು ಮನೆಯವರು ಕೂಡಿ ರೈತನಿಂದ ಬತ್ತವನ್ನು ಕೊಂಡು, ಹೊಟ್ಟನ್ನಷ್ಟೇ ಬಿಡಿಸುವ ಗಿರಣಿಗೆ ಒಯ್ದರೆ ಖರ್ಚು ಇಳಿಯಬಹುದು. ಸಮೀಪದ ಯಾವ ಗಿರಣಿಯಲ್ಲಿ ಆ ಅನುಕೂಲವಿದೆಯೆಂದು ತಿಳಿದವರು ಸಭೆ ಮುಗಿದ ಮೇಲೆ ತಿಳಿಸುವ ಕೃಪೆ ಮಾಡಬೇಕು. ಆಲೆಮನೆಯೊಡನೆ ನೆಂಟಸ್ತಿಕೆಯುಳ್ಳವರೂ ಇದ್ದರೆ, ಹೈಡ್ರೋಸ್ ಹಾಕದ ಕಪ್ಪು ಬೆಲ್ಲದ ಅಚ್ಚುಗಳನ್ನು ಈ ಸುಗ್ಗಿಯಲ್ಲಿ ಎಷ್ಟು ಮನೆಗಳಿಗೆ ಒದಗಿಸಬಲ್ಲರೆಂಬುದನ್ನು ಇಂದೇ ಲೆಕ್ಕ ಹಾಕೋಣ.