ಶೇಂಗಾ ತಳಿಯ ಹಿಂದಿನ ವಂತಿಗೆ: ಸಂಸತ್ತಿನ ಕಣ್ಣು ಎಲ್ಲಿಯವರೆಗೆ?

ಭಾರತವು ಅಂತಾರಾಷ್ಟ್ರೀಯ ಸಂಸ್ಥೆಗಳಿಗೆ ಕೊಡುವ ಹಣ ಎರಡು ಬಗೆಯದು: ಕಡ್ಡಾಯದ ವಂತಿಗೆ ಮತ್ತು ಸ್ವಇಚ್ಛೆಯ ವಂತಿಗೆ. ವಿಶ್ವಸಂಸ್ಥೆಯ ಬಜೆಟ್ಟಿಗೆ ಸಲ್ಲುವುದು ಮೊದಲನೆಯದು. 2022–24ರ ಅವಧಿಗೆ ಭಾರತದ ಪಾಲು ಶೇ 1.044 ಇತ್ತು. ಎರಡು ವರ್ಷದ ವಂತಿಗೆಯಷ್ಟು ಬಾಕಿ ಉಳಿಸಿಕೊಂಡ ದೇಶಕ್ಕೆ ಮಹಾಸಭೆಯಲ್ಲಿ ಮತದ ಹಕ್ಕೇ ಇಲ್ಲವಾಗುವುದರಿಂದ ಇಲ್ಲಿ ಸಂಸತ್ತಿಗೆ ಚೌಕಾಸಿಗೆ ಹೆಚ್ಚು ಜಾಗವಿಲ್ಲ.

ಶೇಂಗಾ ಬೆಳೆಯುವ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ ಹತ್ತಿರದ್ದು ಎರಡನೆಯ ಬಗೆ. ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಹುಟ್ಟಿದ ಇಕ್ರಿಸ್ಯಾಟ್ ಒಣಬೇಸಾಯದ ಬೆಳೆಗಳ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆ. ಶೇಂಗಾ ಅದರ ಮುಖ್ಯ ಬೆಳೆಗಳಲ್ಲೊಂದು. ಗಡಿಯಾಚೆಯ ಅನಂತಪುರದಲ್ಲಿ, 1940ರ ಟಿಎಂವಿ–2 ತಳಿಗೆ ಪರ್ಯಾಯವಾಗಿ ಬಂದ ಐಸಿಜಿವಿ 91114 ಅಲ್ಲಿಯದೇ.

ಇಕ್ರಿಸ್ಯಾಟ್ ಸೇರಿದ, ಸಿಜಿಐಎಆರ್ ಎಂಬ ಕೃಷಿ ಸಂಶೋಧನಾ ಸಂಸ್ಥೆಗಳ ಅಂತಾರಾಷ್ಟ್ರೀಯ ಒಕ್ಕೂಟಕ್ಕೆ ಭಾರತದ ವಂತಿಗೆ ಹೋಗುವುದು ಕೇಂದ್ರದ ಕೃಷಿ ಸಂಶೋಧನೆ ಮತ್ತು ಶಿಕ್ಷಣ ಇಲಾಖೆಯ ಮೂಲಕ. ಕಾನೂನಿನ ಆಧಾರವಿಲ್ಲದೆ ಸಂಚಿತ ನಿಧಿಯಿಂದ ಬಿಡಿಗಾಸೂ ತೆಗೆಯುವಂತಿಲ್ಲ ಎನ್ನುತ್ತದೆ ಸಂವಿಧಾನದ 266ನೇ ವಿಧಿ. 113ನೇ ವಿಧಿಯಂತೆ ಲೋಕಸಭೆ ಇಲಾಖೆಯ ಅನುದಾನದ ಬೇಡಿಕೆಯನ್ನು ಒಪ್ಪಬಹುದು, ತಿರಸ್ಕರಿಸಬಹುದು, ಕಡಿತ ಮಾಡಬಹುದು, ಹೆಚ್ಚಿಸುವಂತಿಲ್ಲ. ನಿರ್ದಿಷ್ಟ ದೂರೊಂದನ್ನು ಎತ್ತಲು ಸದಸ್ಯರು ಬೇಡಿಕೆಯಲ್ಲಿ 100 ರೂಪಾಯಿ ಇಳಿಸಬೇಕೆಂದು ಕಡಿತ ಸೂಚನೆ ಕೊಡುವುದುಂಟು. ಕೋಟಿಗಳ ಲೆಕ್ಕದಲ್ಲಿ ನೂರು ರೂಪಾಯಿ ಹಾಸ್ಯದಂತೆ ಕಂಡರೂ ಮಂತ್ರಿಯಿಂದ ಉತ್ತರ ಪಡೆಯಲು ಅದೇ ನೆಪ.

ಆದರೆ ಚರ್ಚೆಗೆ ಗೊತ್ತುಮಾಡಿದ ಕೊನೆಯ ದಿನ ಉಳಿದ ಬೇಡಿಕೆಗಳೆಲ್ಲ ಒಟ್ಟಿಗೆ ಮತಕ್ಕೆ ಬೀಳುತ್ತವೆ. ಸಂಸತ್ತಿನ ಭಾಷೆಯಲ್ಲಿ ಅದು ‘ಗಿಲ್ಲೊಟಿನ್’. ಸಣ್ಣ ವಂತಿಗೆಯ ಸಾಲನ್ನು ಸಭೆಯಲ್ಲಿ ಯಾರೂ ಓದದೇ ಹೋಗುವುದು ಹೀಗೆ. ನಿಜವಾದ ಪರಿಶೀಲನೆ ನಡೆಯುವುದಾದರೆ 1993ರಲ್ಲಿ ಪೂರ್ಣರೂಪ ಪಡೆದ ಇಲಾಖಾವಾರು ಸ್ಥಾಯಿ ಸಮಿತಿಗಳಲ್ಲಿ. ಒಂದೊಂದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿದ್ದು, ಇಲಾಖೆಯ ಕಾರ್ಯದರ್ಶಿಯನ್ನೇ ಕರೆಸಿ ಕೇಳಬಹುದು. ಸಮಿತಿಯ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ.

ಹಣ ಸಂಸ್ಥೆಯ ಕೈ ಸೇರಿದ ಮೇಲೆ ನೋಟ ಇನ್ನೂ ಮಸುಕು. ವಿಶ್ವಸಂಸ್ಥೆ ವಿಶೇಷಾಧಿಕಾರಗಳ 1947ರ ಕಾಯ್ದೆಯಡಿ ಇಕ್ರಿಸ್ಯಾಟ್‌ಗೆ 1972ರಲ್ಲೇ ರಕ್ಷಣೆ ಸಿಕ್ಕಿತು. ಮಾಜಿ ನೌಕರರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ, ಈ ಸಂಸ್ಥೆ ಸಂವಿಧಾನದ 12ನೇ ವಿಧಿಯ ಅರ್ಥದಲ್ಲಿ ‘ಪ್ರಭುತ್ವ’ವಲ್ಲ ಎಂದಿತು, ಭಾರತದ ವಂತಿಗೆಯೂ ಆಡಳಿತದಲ್ಲಿನ ಪಾಲೂ ಸಣ್ಣವು ಎಂಬುದು ಕಾರಣಗಳಲ್ಲೊಂದು. ಕೊಡುವುದು ಕಡಿಮೆಯಾದಷ್ಟೂ ಕೇಳುವ ಹಕ್ಕೂ ಕಡಿಮೆ ಎಂದಾಯಿತು.

ಇಂಥ ಸಂಸ್ಥೆಗಳನ್ನು ಸೇರುವ ಒಪ್ಪಂದಕ್ಕೂ ಭಾರತದಲ್ಲಿ ಸಂಸತ್ತಿನ ಮುನ್ನೊಪ್ಪಿಗೆ ಬೇಕಿಲ್ಲ. ಅದು ಕಾರ್ಯಾಂಗದ ಅಧಿಕಾರ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕುಗಳು ಸೇರಿರುವ ಚಿತ್ರದುರ್ಗ ಲೋಕಸಭಾ ಕ್ಷೇತ್ರದ ಸದಸ್ಯರಿಗೆ ಆ ಸ್ಥಾಯಿ ಸಮಿತಿಯಲ್ಲಿ ಸ್ಥಾನವಿಲ್ಲದಿದ್ದರೆ ಉಳಿಯುವುದು ಪ್ರಶ್ನೋತ್ತರ ವೇಳೆ. ಕನಿಷ್ಠ 15 ದಿನ ಮುಂಚೆ ಬರೆದುಕೊಟ್ಟರೆ, ವಂತಿಗೆ ಎಷ್ಟು, ಅದರಿಂದ ಒಣಸೀಮೆಗೆ ಬಂದ ಶೇಂಗಾ ತಳಿ ಯಾವುದು ಎಂದು ಕೇಳಲು ಅಡ್ಡಿಯಿಲ್ಲ.