ಹಳೆಯ ಕಂಪ್ಯೂಟರಿಗೆ ವೈಫೈ

(ಸುವರ್ಣ ಮಹೋತ್ಸವದಲ್ಲಿ ಆಡಿದ ಮಾತು)



1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯಲ್ಲಿ ಕೇಂದ್ರ ಸರ್ಕಾರ ದೇಶದ ಕೆಲವು ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಬ್ರಿಟಿಷ್ ಕಂಪ್ಯೂಟರ್ ಕೊಟ್ಟಿತು. ಅದರ ಮೆಮೊರಿ ಬರೀ 32 ಕಿಲೋಬೈಟ್. ನಿಮ್ಮ ಮೊಬೈಲಿನ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸದು. ಯಾವ ಶಾಲೆಯ ಉಗ್ರಾಣದಲ್ಲಾದರೂ ಅದು ಉಳಿದಿದ್ದರೆ ಗುಜರಿಗೆ ಹಾಕಬೇಡಿ ಎಂದು ಕೇಳಿಕೊಳ್ಳಲಿಕ್ಕೇ ನಾನು ನಿಂತದ್ದು.

ಅದರ ಹಿಂಬದಿಯಲ್ಲಿ ಸೀರಿಯಲ್ ಪೋರ್ಟ್ ಇದೆ. ಪ್ರಾರ್ಥನೆ ಮುಗಿಸಿ ಮಕ್ಕಳು ಸಾಲಾಗಿ ತರಗತಿಗೆ ಹೋದಂತೆ ಅಕ್ಷರಗಳು ಒಂದರ ಹಿಂದೊಂದು ಹೊರಡುತ್ತವೆ. ಇದಕ್ಕೆ ಇಎಸ್‌ಪಿ8266 ಎಂಬ ಪುಟ್ಟ ವೈಫೈ ಮಾಡ್ಯೂಲ್ ಜೋಡಿಸಬಹುದು. ಬೆಲೆ ಕೆಲವು ನೂರು ರೂಪಾಯಿ. ನೇರವಾಗಿ ಜೋಡಿಸಿದರೆ ಸುಟ್ಟೀತು! ಮಾಡ್ಯೂಲಿನದು 3.3 ವೋಲ್ಟ್, ಪೋರ್ಟಿನದು ಸುಮಾರು ಪ್ಲಸ್ 5, ಮೈನಸ್ 5. ನಡುವೆ ಮ್ಯಾಕ್ಸ್3232 ಚಿಪ್ ಬೇಕೇ ಬೇಕು. ಮಾಡ್ಯೂಲಿಗೆ ಮೋಡೆಮ್ ತಂತ್ರಾಂಶ ತುಂಬಿ, ಎರಡೂ ಕಡೆ 9600 ಬಾಡ್ ಇಟ್ಟರೆ, ಹಳೆಯ ಯಂತ್ರ ಅದನ್ನು ಟೆಲಿಫೋನ್ ಮೋಡೆಮ್ ಎಂದೇ ನಂಬುತ್ತದೆ. ಟರ್ಮಿನಲ್ ಪ್ರೋಗ್ರಾಮಿನಲ್ಲಿ ಎಟಿಡಿಟಿ ಎಂದು ಹೊಡೆದು ವಿಳಾಸ ಕೊಟ್ಟರೆ ಸಾಕು. ಪಾಸ್‌ವರ್ಡ್ ಮಾತ್ರ ಹೊಡೆಯಬೇಡಿ, ಸಾಮಾನ್ಯವಾಗಿ ಎಲ್ಲವೂ ಬಿಚ್ಚುಬಿಚ್ಚಾಗಿಯೇ ಹೋಗುತ್ತದೆ.

ಅಟ್ಟದಿಂದ ಇಳಿಸಿದವರು ಒಮ್ಮೆಲೇ ಪ್ಲಗ್ ಹಾಕಲೂಬಾರದು. ಪವರ್ ಸಪ್ಲೈಯ ಹಳೆಯ ಕೆಪಾಸಿಟರ್ ಒಡೆದು ಕೋಣೆಯೆಲ್ಲ ಹೊಗೆಯಾಗುವುದುಂಟು. ತಿಳಿದವರಿಂದ ಮೊದಲು ಅದನ್ನು ಬದಲಿಸಿ.

ಇಷ್ಟು ಪಾಡು ಯಾಕೆ? ಮೊಬೈಲ್ ಬಿಚ್ಚಿದರೆ ಮಕ್ಕಳಿಗೆ ಏನೂ ತಿಳಿಯದು. ಇದರಲ್ಲಿ ಒಂದೊಂದು ಚಿಪ್ಪನ್ನೂ ಬೆರಳಿಟ್ಟು ತೋರಿಸಬಹುದು. ಮಾಡ್ಯೂಲ್, ಚಿಪ್, ತಂತಿ ಎಲ್ಲ ವಿಜ್ಞಾನ ಕೊಠಡಿಯ ಮೇಜಿನ ಮೇಲಿಟ್ಟಿದ್ದೇನೆ. ಊಟವಾದ ಮೇಲೆ ಎಂಟನೇ ತರಗತಿಯವರು ಮೊದಲು ಬನ್ನಿ.