ಮನೆಯನ್ನಗಲಿದ ಬಾಗಿಲು

ವಸ್ತುಸಂಗ್ರಹಾಲಯವೆಂದೊಡನೆ ನಮ್ಮಲ್ಲಿ ಅನೇಕರಿಗೆ ಗಾಜಿನ ಪೆಟ್ಟಿಗೆಗಳೂ ತುಕ್ಕು ಹಿಡಿದ ಕತ್ತಿಗಳೂ ಕೈಮುರಿದ ವಿಗ್ರಹಗಳೂ ನೆನಪಿಗೆ ಬರುವುವು. ಅಂಥ ಸ್ಥಳವನ್ನು ನೋಡಿಬರುವುದು ಒಂದು ಕರ್ತವ್ಯವೆಂದೆಣಿಸಿ, ಮಧ್ಯಾಹ್ನದ ಊಟದ ವಿಷಯವನ್ನೇ ಹೆಚ್ಚಾಗಿ ಚಿಂತಿಸುತ್ತ, ಕೆಲವು ಮಂದಿ ವಿದ್ಯಾರ್ಥಿಗಳೊಡನೆ ನಾವು ಕುಡಚಿಯಲ್ಲಿ ರೈಲನ್ನೇರಿದೆವು. ಕುಡಚಿಯು ಕೃಷ್ಣಾತೀರದ ಊರು. ಮಿರಜೆಯಿಂದ ಲೋಂಡೆಗೆ ಹೋಗುವ ರೈಲುದಾರಿಯು ಉಗಾರವನ್ನು ಬಿಟ್ಟು ಹೊಳೆಯನ್ನು ದಾಟಿ ಇಲ್ಲಿಗೆ ಬರುವುದು. ಬೆಳಗಾವಿಯಲ್ಲಿಳಿದು ಧಾರವಾಡದ ಹೆದ್ದಾರಿಯನ್ನು ಹಿಡಿದು ಕಿತ್ತೂರನ್ನು ಸೇರಿದೆವು.

ಕಿತ್ತೂರಿನ ಹೆಸರನ್ನು ಕೇಳದ ಕನ್ನಡಿಗರುಂಟೆ? 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಅಲ್ಲಿ ಮಡಿದುದೂ, ಅದೇ ವರ್ಷದ ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯವು ಬಂದು ಕೋಟೆಯನ್ನು ಹಿಡಿದುದೂ, ರಾಣಿ ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡುದೂ ಶ್ರೋತೃಗಳು ಬಲ್ಲ ಸಂಗತಿಗಳೇ. ಈ ದಿನ ನಮಗೆ ಬೇಕಾದುದು ಆ ಅರಸರ ಮನೆಯ ಮಾತು.

ಕೋಟೆಯೊಳಗೆ ಅರಮನೆಯ ಗೋಡೆಗಳೂ ನೆಲಗಟ್ಟುಗಳೂ ಮಾತ್ರ ಉಳಿದಿವೆ. ಇದು ಸ್ನಾನದ ಕೋಣೆ, ಇದು ಅಡಿಗೆಯ ಮನೆ ಎಂದು ತೋರಿಸುವರು. ಒಂದು ಗೋಡೆಯಲ್ಲಿ ಧ್ರುವನಕ್ಷತ್ರವನ್ನು ನೋಡುವುದಕ್ಕೆಂದು ಮಾಡಿದ ಕೊಳವೆಯ ಕಂಡಿಯಿದೆ. ನಮ್ಮ ಹುಡುಗರೆಲ್ಲರೂ ಒಬ್ಬರಾದ ಮೇಲೊಬ್ಬರು ಅದರಲ್ಲಿ ಕಣ್ಣಿಟ್ಟು ಹಗಲಿನ ಆಕಾಶವನ್ನು ನೋಡಿದರು, ನಾವೂ ನೋಡಿದೆವು. ಮಾಳಿಗೆಯಿಲ್ಲ, ಕಂಬವಿಲ್ಲ, ಬಾಗಿಲಿಲ್ಲ. ಅದೇ ಕೋಟೆಯ ಆವರಣದಲ್ಲಿ ಚೆನ್ನಮ್ಮನವರ ಹೆಸರಿನ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಕತ್ತಿಗಳ, ಶಾಸನಗಳ, ಶಿಲ್ಪಗಳ ಜೊತೆಗೆ ಅರಮನೆಯ ಕೆತ್ತನೆಯ ಬಾಗಿಲು ಕಿಟಕಿಗಳನ್ನು ಅಲ್ಲಿ ಜೋಪಾನಮಾಡಿ ಇಟ್ಟಿರುವರು. ಒಂದು ಕಡೆ ಬಾಗಿಲಿಲ್ಲದ ಮನೆ. ಇನ್ನೊಂದು ಕಡೆ ಮನೆಯಿಲ್ಲದ ಬಾಗಿಲು. ಹಾಗೆ ಇಡದಿದ್ದರೆ ಮಳೆಗೂ ಗೆದ್ದಲಿಗೂ ಆ ಮರವು ಎಂದೋ ತುತ್ತಾಗುತ್ತಿತ್ತೆಂಬುದು ನಿಜ. ಆದರೂ ಯಾರೂ ಹಾದುಹೋಗದ ಬಾಗಿಲಿನ ಮುಂದೆ ನಿಂತಾಗ ಮನಸ್ಸು ಏಕೋ ಸಮಾಧಾನಗೊಳ್ಳಲಿಲ್ಲ.

ಮನೆಗಳನ್ನೇ ಇಡಿಯಾಗಿ ಉಳಿಸುವ ಪ್ರಯತ್ನಗಳೂ ನಡೆದಿವೆ. ಸ್ವೀಡನ್ ದೇಶದ ಹಾಜೇಲಿಯಸ್ ಎಂಬವನು ನಾಡಿನ ನಾನಾ ಭಾಗಗಳಿಂದ ರೈತರ ಮನೆಗಳನ್ನು ಸ್ಟಾಕ್‌ಹೋಮಿಗೆ ತಂದು ನಿಲ್ಲಿಸಿ 1891ರಲ್ಲಿ ಸ್ಕಾನ್ಸನ್ ಎಂಬ ಬಯಲು ಸಂಗ್ರಹಾಲಯವನ್ನು ತೆರೆದನು. ನಮ್ಮ ನಾಡಿನಲ್ಲಿ ವಿಜಯನಾಥ ಶೆಣೈಯವರು ಅಳಿಯಲಿದ್ದ ಹಳೆಯ ಮನೆಗಳನ್ನು ಬಿಚ್ಚಿಸಿ ತಂದು ಮಣಿಪಾಲದಲ್ಲಿ ಮರಳಿ ಕಟ್ಟಿಸಿದರು. ನಮ್ಮ ನೆರೆಯ ಮುಧೋಳದ ಅರಮನೆಯ ದರ್ಬಾರು ಸಭಾಂಗಣವೂ ಈಗ ಅಲ್ಲಿರುವುದು! ಘಟಪ್ರಭೆಯ ದಡದ ದರ್ಬಾರು ಪಡುಗಡಲಿನ ಮಳೆಯಲ್ಲಿ ನಿಂತಿರುವುದು ವಿಚಿತ್ರವಾದರೂ, ಇಲ್ಲದೆಹೋಗುವುದಕ್ಕಿಂತ ಅದು ಎಷ್ಟೋ ಮೇಲೆಂದು ನಾವು ತಿಳಿಯುತ್ತೇವೆ.

ಅರಸರ ಮನೆಗೆ ಇಂಥ ಗತಿಯಾದರೂ ದೊರೆತೀತು, ಒಕ್ಕಲಿಗನ ಮನೆಗೆ? ನಮ್ಮ ಸೀಮೆಯ ಮಣ್ಣಿನ ಮನೆಯನ್ನು ನಗರದ ಶ್ರೋತೃಗಳು ಬಹುಶಃ ಒಳಹೊಕ್ಕು ನೋಡಿರಲಾರರು. ತಲೆಬಾಗಿಲನ್ನು ದಾಟಿದೊಡನೆ ಎತ್ತು ಎಮ್ಮೆಗಳ ಗೋದಲಿ, ಅಲ್ಲಿಂದ ಒಂದು ಮೆಟ್ಟಿಲು ಎತ್ತರದಲ್ಲಿ ಪಡಸಾಲೆ, ತೊಲೆಜಂತಿಗಳ ಮೇಲೆ ಮಣ್ಣಿನ ಮೇಲ್ಮುದ್ದೆ, ಅದರಲ್ಲೊಂದು ಬೆಳಕಿಂಡಿ, ಗೋಡೆಯ ದಪ್ಪದಲ್ಲೇ ದೀಪದ ಮಾಡಗಳು. ದನವೂ ಮನುಷ್ಯರೂ ಒಂದೇ ಬಾಗಿಲಿನಿಂದ ಮನೆಯೊಳಗೆ ಬರುವರು. ಬೇಸಗೆಯಲ್ಲಿ ಅದರಷ್ಟು ತಂಪಾದ ಮನೆಯಿಲ್ಲ. ನೀರು ನಿಂತರೆ ಮಾತ್ರ ಅದು ತಾಳದು. 2019ರ ಆಗಸ್ಟಿನಲ್ಲಿ ಕೃಷ್ಣೆಯು ಉಕ್ಕಿ ದಂಡೆಯ ಹಳ್ಳಿಗಳಿಗೆ ನುಗ್ಗಿದಾಗ ಇಂಥ ಗೋಡೆಗಳು ಅಲ್ಲಲ್ಲಿ ನೆನೆದು ಕುಸಿದವು.

ನಮ್ಮ ವಿದ್ಯಾರ್ಥಿಯೊಬ್ಬನ ಮನೆಯೂ ಹಾಗೆಯೇ ಬಿದ್ದುದಂತೆ. ಕಿತ್ತೂರಿನ ಬಾಗಿಲಿನ ಮುಂದೆ ಬಹಳ ಹೊತ್ತು ನಿಂತಿದ್ದವನು ಅವನೇ. “ನಮ್ಮ ಮುತ್ತ್ಯಾ ಮಾಡಿಸಿದ ಬಾಗಲಾ ಹಿತ್ತಲದಾಗ ಹಂಗ ನಿಂತೈತ್ರಿ ಸರ. ಮಾರತೀರೇನಂತ ಕೇಳಾಕ ಬರತಾರ. ಅದನ್ನ ತಂದು ಇಂಥಲ್ಲೆ ಕೊಡೂಣೇನ್ರಿ?” ಎಂದು ಕೇಳಿದನು. ಕಾಲೇಜಿನಲ್ಲಿ ಇಪ್ಪತ್ತು ವರ್ಷ ಇತಿಹಾಸವನ್ನು ಬೋಧಿಸಿದ ನಮಗೆ ಕೂಡಲೇ ಉತ್ತರವು ಹೊಳೆಯಲಿಲ್ಲ. ಮಾರಬೇಡವೆನ್ನುವುದು ಸುಲಭ, ಆ ಮನೆಯ ಖರ್ಚನ್ನು ನಾವು ಕೊಡುವುದಿಲ್ಲವಷ್ಟೆ. ಬಾಗಿಲು ಎಲ್ಲಿಗಾದರೂ ಹೋಗಲಿ, ಅದು ಇದ್ದ ಮನೆ ಹೇಗಿತ್ತೆಂಬುದನ್ನು ಮೊದಲು ಬರೆದಿಡೋಣವೆಂದು ಹಿಂದಿರುಗುವಾಗ ರೈಲಿನಲ್ಲಿ ಹೇಳಿದೆವು.

ಮುಂದಿನ ಭಾನುವಾರ ಅಳತೆಪಟ್ಟಿಯನ್ನೂ ಕಾಗದವನ್ನೂ ಹಿಡಿದು ಅವನ ಊರಿಗೆ ಹೋದೆವು. ಹಳೆಯ ಮನೆಯಿದ್ದಲ್ಲಿ ಮಣ್ಣಿನ ದಿಬ್ಬ. ಪಕ್ಕದಲ್ಲಿ ಸಿಮೆಂಟಿನ ಎರಡು ಕೋಣೆ. ಹುಡುಗನು ನೆನಪಿನಿಂದ ಗೆರೆ ಹಾಕುತ್ತ ಬಂದನು. ಅವನ ಅಜ್ಜಿಯು ಸ್ವಲ್ಪ ಹೊತ್ತು ದೂರದಿಂದಲೇ ನೋಡುತ್ತಿದ್ದು, ತಡೆಯಲಾರದೆ ಎದ್ದುಬಂದರು. “ಒಳಕಲ್ಲ ಅಲ್ಲಲ್ರೀ ಮಾಸ್ತರ, ಇನ್ನೊಂದ ಹೆಜ್ಜಿ ಹಿಂದ,” ಎಂದು ನಮ್ಮನ್ನು ತಿದ್ದಿದರು. ತಲೆಬಾಗಿಲು ಎಲ್ಲಿತ್ತೆಂದು ಕೇಳಿದೆವು. ಅವರು ದಿಬ್ಬವನ್ನು ಹತ್ತಿ ಒಂದು ಕಡೆ ನಿಂತು, ಸೆರಗನ್ನು ಸರಿಪಡಿಸಿಕೊಂಡು, ತಲೆಯನ್ನು ತುಸು ಬಗ್ಗಿಸಿ ಒಂದು ಹೆಜ್ಜೆ ಮುಂದಿಟ್ಟರು.